ದತ್ತಿ ರಿಜಿಸ್ಟರಿನ ‘ಅರ್ಹರಿಲ್ಲ’ ಎಂಬ ಸಾಲು

(ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ವಾರ್ಷಿಕೋತ್ಸವದಲ್ಲಿ ಹಳೆ ವಿದ್ಯಾರ್ಥಿಯಾಗಿ ಆಡಿದ ಮಾತು. ಮೊಬೈಲ್ ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ನಡುವೆ ಕರೆಂಟ್ ಹೋಗಿ ಮೈಕ್ ನಿಂತಾಗ ಹೇಳಿದ್ದನ್ನು ನೆನಪಿನಿಂದ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವವರ ಹೆಸರನ್ನೆಲ್ಲ ನಿರೂಪಣೆ ಮಾಡುತ್ತಿರುವ ಹುಡುಗಿ ಆಗಲೇ ಹೇಳಿದ್ದಾಳೆ. ಒಂದೂ ತಪ್ಪಿಲ್ಲ, ಕೈಯಲ್ಲಿ ಚೀಟಿಯೂ ಇಲ್ಲ. ಅವಳಷ್ಟು ಚೆನ್ನಾಗಿ ಹೇಳೋಕೆ ನನಗೆ ಬರುವುದಿಲ್ಲ, ಅದಕ್ಕೇ ನೇರ ವಿಷಯಕ್ಕೆ ಬರುತ್ತೇನೆ. ಪೆಂಡಾಲ್ ಹಿಂದೆ ಚುರುಮುರಿ ಗಾಡಿ ಬಂದಿರುವುದು ನನಗೂ ಕಾಣುತ್ತಿದೆ. ಜಾಸ್ತಿ ಎಳೆಯುವುದಿಲ್ಲ.

ಹೆಡ್‌ಮೇಷ್ಟ್ರು ಫೋನ್ ಮಾಡಿ, "ಶಾಲೆಯ ಸಾಧನೆ ಬಗ್ಗೆ ನಾಲ್ಕು ಮಾತಾಡಿ ಸಾರ್" ಅಂದರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ನಿವೃತ್ತನಾದವನು. ಸಾಧನೆ ಬಗ್ಗೆ ಮಾತಾಡುವ ಯೋಗ್ಯತೆ ಎಲ್ಲಿಂದ ಬರಬೇಕು? ನನಗೆ ಬರುವುದು ಎರಡೇ ಕೆಲಸ. ಬಡ್ಡಿ ಲೆಕ್ಕ ಹಾಕುವುದು, ರಿಜಿಸ್ಟರ್ ಓದುವುದು. ಹಾಗಾಗಿ ಎರಡು ದಿನ ಮೊದಲೇ ಬಂದು, ಶಾಲೆಯ ದತ್ತಿ ರಿಜಿಸ್ಟರ್ ಕೊಡಿ ಅಂತ ಕೇಳಿದೆ. ಹೆಡ್‌ಮೇಷ್ಟ್ರು ಒಂದು ಕ್ಷಣ ಗಾಬರಿಯಾದರು. ಆಡಿಟ್ ಮಾಡೋಕೆ ಬಂದಿದ್ದಾನೆ ಅಂದುಕೊಂಡಿರಬೇಕು.

ದತ್ತಿ ಅಂದರೆ ಏನು ಅಂತ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಯಾರೋ ಒಬ್ಬರು ತಮ್ಮ ಅಪ್ಪನದೋ ಅಜ್ಜಿಯದೋ ನೆನಪಿಗೆ ಶಾಲೆಗೆ ಒಂದಿಷ್ಟು ದುಡ್ಡು ಕೊಡುತ್ತಾರೆ. ಶಾಲೆ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಡುತ್ತದೆ. ಅಸಲು ಮುಟ್ಟುವ ಹಾಗಿಲ್ಲ. ವರ್ಷ ವರ್ಷ ಬರುವ ಬಡ್ಡಿಯಲ್ಲಿ ಒಂದು ಬಹುಮಾನ. ಯಾರಿಗೆ ಕೊಡಬೇಕು ಅನ್ನುವುದನ್ನು ದುಡ್ಡು ಕೊಟ್ಟವರೇ ಬರೆದಿರುತ್ತಾರೆ. ಈಗಷ್ಟೇ ನೀವು ಸಾಲಾಗಿ ಬಂದು ತಗೊಂಡು ಹೋದಿರಲ್ಲ ಪೆನ್ನು, ಡಬ್ಬಿ, ಡಿಕ್ಷನರಿ, ಅದರಲ್ಲಿ ಅರ್ಧಕ್ಕರ್ಧ ಹೀಗೆ ಬಂದದ್ದು.

ರಿಜಿಸ್ಟರಿಗೆ ಕಂದು ಕಾಗದದ ಹೊದಿಕೆ, ಬೆನ್ನಿಗೆ ಬಟ್ಟೆ ಅಂಟಿಸಿದ್ದಾರೆ. ಮೊದಲ ಪುಟಗಳು ಶಾಯಿ ಪೆನ್ನಿನಲ್ಲಿವೆ, ಆಮೇಲೆ ಬಾಲ್‌ಪೆನ್ನು, ಕೊನೆಗೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಅಂಟಿಸಿದ ಹಾಳೆ. ಹೆಡ್‌ಮೇಷ್ಟ್ರು ವರ್ಗವಾದಾಗಲೆಲ್ಲ ಸಹಿ ಬದಲಾಗಿದೆ, ಸಹಿ ಬದಲಾದಾಗಲೆಲ್ಲ ಬ್ಯಾಂಕಿಗೆ ಒಂದು ಅರ್ಜಿ ಹೋಗಿದೆ. ಹಳೇ ಠೇವಣಿ ರಸೀದಿಗಳ ಮೇಲೆ ಸಿಂಡಿಕೇಟ್ ಬ್ಯಾಂಕ್ ಅಂತಿದೆ. 2020ರ ಏಪ್ರಿಲ್ 1ಕ್ಕೆ ಅದು ಕೆನರಾ ಬ್ಯಾಂಕಿನಲ್ಲಿ ಸೇರಿತಲ್ಲ, ಅಲ್ಲಿಂದ ಈಚೆಗೆ ಹೊಸ ರಸೀದಿ. ನಮ್ಮಂಥವರಿಗೆ ಇದನ್ನೆಲ್ಲ ನೋಡುವುದೇ ಒಂದು ಸುಖ.

ಯಾವ ಯಾವ ಬಹುಮಾನ ಇದೆ ನೋಡಿ. ಗಣಿತದಲ್ಲಿ ಹೆಚ್ಚು ಅಂಕ ತೆಗೆದವರಿಗೆ, ಕನ್ನಡದಲ್ಲಿ ಹೆಚ್ಚು ಅಂಕ ತೆಗೆದವರಿಗೆ, ಇವು ಎಲ್ಲ ಶಾಲೆಯಲ್ಲೂ ಇರುತ್ತವೆ. ದುಂಡಗಿನ ಕೈಬರಹಕ್ಕೆ ಒಂದು ಇದೆ. ಮಳೆಗಾಲದ ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ಬಂದವರಿಗೆ ಒಂದು. ನಮ್ಮ ಮಲೆನಾಡಿನ ಜುಲೈ ಗೊತ್ತಿದ್ದವರಿಗೆ ಅದರ ಬೆಲೆ ಗೊತ್ತು. ಹಳ್ಳ ತುಂಬಿ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಕೊಚ್ಚಿಹೋದರೆ ಆ ಕಡೆಯ ನಾಲ್ಕು ಮನೆ ಮಕ್ಕಳಿಗೆ ವಾರಗಟ್ಟಲೆ ಶಾಲೆಯೇ ಇಲ್ಲ. ಆ ಬಹುಮಾನ ಒಂದು ರೀತಿ ಸಂಕದ ಈ ಕಡೆ ಹುಟ್ಟಿದವರಿಗೇ ಸಿಗುತ್ತಾ ಬಂದಿದೆ ಅಂತ ನನಗೆ ಪಟ್ಟಿ ಓದುವಾಗ ಅನ್ನಿಸಿತು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೂ.

ಈಗ 1979ರ ಒಂದು ದಾಖಲೆ ಹೇಳುತ್ತೇನೆ. ಆಗ ನಾನು ಒಂಬತ್ತನೇ ತರಗತಿ. ಪೋಸ್ಟ್ ಆಫೀಸ್ ಎದುರು ಒಬ್ಬ ಅಮ್ಮ ಹೋಟ್ಲು ನಡೆಸುತ್ತಿದ್ದರು. ಎರಡು ಬೆಂಚು, ಒಂದು ಒಲೆ, ಇಡ್ಲಿ ಮತ್ತು ಕಾಫಿ. ಓದು ಬರಹ ಇರಲಿಲ್ಲ, ಸಾಲದ ಲೆಕ್ಕವನ್ನು ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಹಾಕಿ ಇಡುತ್ತಿದ್ದರು. ನನ್ನದೂ ಒಂದಿಷ್ಟು ಗೀಟು ಇತ್ತು. ಅವರು ಈ ಶಾಲೆಗೆ 501 ರೂಪಾಯಿ ಕೊಟ್ಟಿದ್ದಾರೆ. ಷರತ್ತಿನ ಜಾಗದಲ್ಲಿ ಹೀಗಿದೆ: "ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಪಾಸಾದ ಹುಡುಗಿಗೆ." ಅತಿ ಹೆಚ್ಚು ಅಂಕ, ಪ್ರಥಮ ದರ್ಜೆ ಯಾವುದೂ ಇಲ್ಲ. ಪಾಸಾದರೆ ಸಾಕು. ಕೆಳಗೆ ಹೆಬ್ಬೆಟ್ಟಿನ ಗುರುತು.

ಅದರ ಮುಂದಿನ ಸಾಲುಗಳಲ್ಲಿ ಬಹುಮಾನ ಪಡೆದವರ ಹೆಸರಿರಬೇಕು. 1979, ಅರ್ಹರಿಲ್ಲ. 1980, ಅರ್ಹರಿಲ್ಲ. 1981, ಅರ್ಹರಿಲ್ಲ.

ನಾನು ಆ ಪುಟವನ್ನು ಮೂರು ಸಲ ಓದಿದೆ. ನನ್ನ ಜೊತೆ ಎಂಟನೇ ತರಗತಿಗೆ ಸೇರಿದ ಹುಡುಗಿಯರು ಆರು ಜನ. ಹತ್ತಕ್ಕೆ ಬರುವಾಗ ಇಬ್ಬರು ಉಳಿದಿದ್ದರು. ಒಬ್ಬಳಿಗೆ ಪರೀಕ್ಷೆಗೆ ಮುಂಚೆ ಮದುವೆಯಾಯಿತು. ಆಗ ನಮಗೆ ಅದು ವಿಚಿತ್ರ ಅನ್ನಿಸಿರಲೇ ಇಲ್ಲ. ಊಟಕ್ಕೆ ಕರೆದಿದ್ದರು, ಹೋಗಿ ಪಾಯಸ ತಿಂದು ಬಂದೆವು.

1982ರಲ್ಲಿ ಒಂದು ಹೆಸರಿದೆ. ಅವರು ಈಗಲೂ ಇದ್ದಾರೆ, ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದಾರೆ. ಹೆಸರು ಹೇಳಬಾರದು ಅಂತ ನನ್ನ ಹತ್ತಿರ ಮಾತು ತಗೊಂಡಿದ್ದಾರೆ, ಆದ್ದರಿಂದ ಯಾರೂ ತಿರುಗಿ ನೋಡಬೇಡಿ. ನಾಲ್ಕು ವರ್ಷದ ಬಡ್ಡಿ ಒಟ್ಟಿಗೆ ಬಿದ್ದಿತ್ತಲ್ಲ, ಅದಕ್ಕೆ ಮೇಷ್ಟ್ರುಗಳು ಕೈಯಿಂದ ಒಂದಿಷ್ಟು ಸೇರಿಸಿ ಎಚ್‌ಎಂಟಿ ಕೈಗಡಿಯಾರ ತಂದುಕೊಟ್ಟಿದ್ದರು. ಕೀ ಕೊಡುವ ಗಡಿಯಾರ. ಮೊನ್ನೆ ತೋರಿಸಿದರು. ಪಟ್ಟಿ ಎಷ್ಟನೆಯದೋ, ಗಡಿಯಾರ ಅದೇ. ಓಡುತ್ತಿದೆ, ದಿನಕ್ಕೆ ಐದು ನಿಮಿಷ ಹಿಂದೆ.

ಆ 501 ರೂಪಾಯಿ ಇವತ್ತಿಗೂ ಬ್ಯಾಂಕಿನಲ್ಲಿದೆ. ಶೇ. 6.5ರ ಬಡ್ಡಿ ಹಿಡಿದರೆ ವರ್ಷಕ್ಕೆ 32 ರೂಪಾಯಿ 56 ಪೈಸೆ. ಹೋದ ವರ್ಷ ಈ ಶಾಲೆಯಲ್ಲಿ ಪಾಸಾದ ಹುಡುಗಿಯರು 31. ಆ ಅಮ್ಮನ ಷರತ್ತನ್ನು ಅಕ್ಷರಶಃ ಪಾಲಿಸಿದರೆ ತಲೆಗೆ ಒಂದು ರೂಪಾಯಿ ಐದು ಪೈಸೆ ಬರುತ್ತದೆ. ಒಂದು ಚಾಕಲೇಟ್. ನನಗೆ ಈ ಲೆಕ್ಕ ಹಾಕಿ ನಗು ಬಂತು, ಆಮೇಲೆ ಖುಷಿಯೂ ಆಯಿತು.

ಇದು ಹೇಗಾಯಿತು ಅನ್ನುವುದಕ್ಕೆ ದೊಡ್ಡ ಭಾಷಣ ಬೇಡ. 2002ರಲ್ಲಿ ರಾಜ್ಯದಲ್ಲಿ ಬಿಸಿಯೂಟ ಶುರುವಾಯಿತು. ಮೊದಲು ಸಣ್ಣ ತರಗತಿಗಳಿಗೆ ಇದ್ದದ್ದು ಆಮೇಲೆ ಹೈಸ್ಕೂಲಿಗೂ ಬಂತು. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡೋಕೆ ಶುರು ಮಾಡಿದರು. ನಮ್ಮ ಕಡೆ ಏರು ಜಾಸ್ತಿ, ಅರ್ಧ ದಾರಿ ಹುಡುಗಿಯರು ಸೈಕಲ್ ಮೇಲೆ, ಇನ್ನರ್ಧ ದಾರಿ ಸೈಕಲ್ ತಳ್ಳಿಕೊಂಡು. ಆದರೂ ಐದಾರು ಜನ ಒಟ್ಟಾಗಿ ಬರುತ್ತಾರೆ ಅಂತ ಮನೆಯವರಿಗೆ ಧೈರ್ಯ ಬಂತು. ತಾಲೂಕಿನಲ್ಲಿ ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್ಲು, ಮೊರಾರ್ಜಿ ವಸತಿ ಶಾಲೆ ಬಂದವು. 2013ರಿಂದ ಕ್ಷೀರಭಾಗ್ಯದ ಹಾಲು. ಮೊಟ್ಟೆ ಈಚಿನದು. ಒಂದೊಂದನ್ನೂ ಆಡಿಕೊಂಡು ನಕ್ಕವರು ನಮ್ಮೂರಿನಲ್ಲೇ ಇದ್ದರು, ಒಬ್ಬೊಬ್ಬರ ಹೆಸರೂ ನನಗೆ ಗೊತ್ತು. ಅವರ ಮನೆ ಮೊಮ್ಮಕ್ಕಳೂ ಆ ಸೈಕಲ್ ಹತ್ತಿದ್ದಾರೆ, ಇರಲಿ ಬಿಡಿ.

ಈಗ ಗೇಟಿನ ಹತ್ತಿರ ಕಟ್ಟಿರುವ ಫ್ಲೆಕ್ಸ್ ವಿಷಯಕ್ಕೆ ಬರೋಣ. ಹತ್ತು ಮಕ್ಕಳ ಫೋಟೋ, ಕೆಳಗೆ 625ಕ್ಕೆ ಎಷ್ಟೆಷ್ಟು ಅಂತ ಅಂಕ. ಚೆನ್ನಾಗಿದೆ, ಹಾಕಬೇಕಾದ್ದೇ. 2024ರಲ್ಲಿ ಇಡೀ ರಾಜ್ಯದಲ್ಲಿ 625ಕ್ಕೆ 625 ತೆಗೆದದ್ದು ಒಬ್ಬಳೇ ಹುಡುಗಿ, ಬಾಗಲಕೋಟೆ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು, ರೈತರ ಮಗಳು. ದೊಡ್ಡ ದೊಡ್ಡ ಫೀಸಿನ ಶಾಲೆಗಳೆಲ್ಲ ಬಾಯಿ ಮುಚ್ಚಿಕೊಂಡ ದಿನ ಅದು. ಆ ಸುದ್ದಿ ಓದಿದ ದಿನ ನಾನು ಅಂಗಡಿಗೆ ಹೋಗಿ ಕಾಲು ಕೇಜಿ ಮೈಸೂರು ಪಾಕ್ ತಂದೆ, ಅವಳು ಯಾರೋ ನಾನು ಯಾರೋ.

ಆದರೆ ಅದೇ ವರ್ಷದ ಇನ್ನೊಂದು ಸುದ್ದಿ ಯಾವ ಫ್ಲೆಕ್ಸಿನ ಮೇಲೂ ಬರಲಿಲ್ಲ. ನಕಲು ತಡೆಯೋಕೆ ಅಂತ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಕೊಟ್ಟ ಮೇಲೆ. 2025ರ ಮೊದಲ ಸಲದ ಪರೀಕ್ಷೆಯಲ್ಲಿ, ಅಂದರೆ ಪರೀಕ್ಷೆ-1ರಲ್ಲಿ, 66.14. ದಕ್ಷಿಣ ಕನ್ನಡ 91ರ ಮೇಲಿದ್ದರೆ ಕಲಬುರಗಿ 42ರಲ್ಲಿತ್ತು. ಹೀಗಿರುವಾಗ ಶೇಕಡಾ ನೂರು ಫಲಿತಾಂಶ ಬೇಕು ಅಂತ ಮೇಲಿನವರು ಮೀಟಿಂಗ್ ಮೇಲೆ ಮೀಟಿಂಗ್ ಮಾಡುತ್ತಾರೆ. ಮೇಷ್ಟ್ರುಗಳು ಏನು ಮಾಡಬೇಕು? ಈ ಶಾಲೆಯಲ್ಲಿ ಜನವರಿಯಿಂದ ಮಾರ್ಚ್ ತನಕ ಬೆಳಗಿನ ಜಾವ ಐದು ಗಂಟೆಗೆ ಟೀಚರುಗಳು ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುತ್ತಾರೆ. ನಮ್ಮ ಪಕ್ಕದ ಮನೆ ಹುಡುಗನಿಗೂ ಬರುತ್ತಿತ್ತು. ಫೋನ್ ಎತ್ತುವವಳು ಅವನ ಅಮ್ಮ. "ಎದ್ದಿದ್ದಾನೆ ಟೀಚರ್, ಮುಖ ತೊಳೀತಿದ್ದಾನೆ" ಅನ್ನುವುದು, ಇವನು ಕಂಬಳಿ ಒಳಗಿಂದ ಗೊರಕೆ ಹೊಡೆಯುವುದು. ಮೂರನೇ ವಾರದಿಂದ ಆ ಟೀಚರು ಉಷಾರಾದರು. "ಅವನ ಕೈಗೆ ಕೊಡಿ, ಏಳರ ಮಗ್ಗಿ ಹೇಳಲಿ" ಅಂತ ಶುರು ಮಾಡಿದರು. ಅವನು ಪಾಸಾದ. ಏಳರ ಮಗ್ಗಿ ಅವನಿಗೆ ಸಾಯುವ ತನಕ ಮರೆಯುವುದಿಲ್ಲ.

ಈ ಹುಡುಗರ ಬಗ್ಗೆಯೇ ನಾನು ಹೇಳಬೇಕು ಅಂತಿರುವುದು. 2025ರ ಪರೀಕ್ಷೆ-1ರಲ್ಲಿ ಹುಡುಗಿಯರು ಪಾಸಾದದ್ದು ಶೇ. 74. ಹುಡುಗರು 58. ಇವತ್ತು ಈ ವೇದಿಕೆಗೆ ಬಹುಮಾನಕ್ಕೆ ಬಂದವರನ್ನು ನಾನು ಕೂತಲ್ಲೇ ಎಣಿಸಿದೆ. ಆಟದ ಬಹುಮಾನ ಬಿಟ್ಟು 14 ಜನ, ಅದರಲ್ಲಿ ಹುಡುಗರು ಮೂವರು. ಒಬ್ಬನಂತೂ ಹೆಸರು ಕರೆದಾಗ ಇರಲೇ ಇಲ್ಲ. ಹುಡುಗಿಯರು ಮೇಲೆ ಬಂದದ್ದು ಸಂತೋಷ, ಅದಕ್ಕೆ ನಾನು ಈಗಷ್ಟೇ ಅರ್ಧ ಭಾಷಣ ಕೊಟ್ಟೆ. ಆದರೆ ಹುಡುಗರು ಎಲ್ಲಿ ಹೋದರು? ನನಗೆ ಗೊತ್ತು ಎಲ್ಲಿಗೆ ಅಂತ. ಅಡಿಕೆ ಕೊಯ್ಲಿನ ಕಾಲದಲ್ಲಿ ಸಂಬಳ ಸಿಗುತ್ತದೆ. ಗ್ಯಾರೇಜಿನಲ್ಲಿ ಕೆಲಸ ಸಿಗುತ್ತದೆ. ಶಾಮಿಯಾನ ಕಟ್ಟೋಕೆ, ಲೈಟಿಂಗ್ ಮಾಡೋಕೆ ಹುಡುಗರು ಬೇಕು. ಇವತ್ತಿನ ಈ ಪೆಂಡಾಲನ್ನು ಕಟ್ಟಿದವರಲ್ಲಿ ಇಬ್ಬರು ಈ ಶಾಲೆಯ ರಿಜಿಸ್ಟರಿನಲ್ಲಿ ಇನ್ನೂ ಹತ್ತನೇ ತರಗತಿಯಲ್ಲಿದ್ದಾರೆ. ಕೈಗೆ ದುಡ್ಡು ಬಂದ ಹುಡುಗನನ್ನು ಮತ್ತೆ ಬೆಂಚಿನ ಮೇಲೆ ಕೂರಿಸುವುದು ಕಷ್ಟ. ಅದಕ್ಕಿಂತ ದೊಡ್ಡ ಕಾರಣ ಒಂದಿದೆ, ನಾಚಿಕೆ. ಗಣಿತದಲ್ಲಿ ಹೋಯಿತು ಅಂತ ಗೊತ್ತಾದ ಮೇಲೆ ಅವನು ಶಾಲೆಯ ರಸ್ತೆಯಲ್ಲೇ ಓಡಾಡುವುದಿಲ್ಲ.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ಫೇಲಾದವನು. ಹೌದು, ಗಣಿತದಲ್ಲೇ. ಮೂವತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡ್ಡು ಎಣಿಸಿದವನು 1980ರಲ್ಲಿ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಫೇಲು. ನಗಿ, ಪರವಾಗಿಲ್ಲ, ನನ್ನ ಹೆಂಡತಿಗೂ ಇವತ್ತೇ ಗೊತ್ತಾಗುತ್ತಿರುವುದು. ಫಲಿತಾಂಶ ಬಂದ ಮೇಲೆ ನಾನು ಶಾಲೆ ಮುಂದಿನ ರಸ್ತೆ ಬಿಟ್ಟು ಗದ್ದೆ ಬದುವಿನ ಮೇಲೆ ಓಡಾಡುತ್ತಿದ್ದೆ. ಒಂದು ದಿನ ಹೋಟ್ಲಿನ ಅಮ್ಮ ಕಂಡುಹಿಡಿದು ಕೂಗಿದರು. "ಎಂತ ಮಾರಾಯ, ಗೀಟು ಜಾಸ್ತಿ ಆಯ್ತು ಅಂತ ಹೆದರಿದ್ಯಾ?" ಅಂದರು. ಫೇಲಾದದ್ದು ಹೇಳಿದೆ. "ಇನ್ನೊಂದ್ ಸಲ ಕಟ್ಟಕ್ಕೆ ಎಷ್ಟು ಬೇಕು?" ಅಂತ ಕೇಳಿದರು, ಅಷ್ಟೇ. ಬುದ್ಧಿ ಹೇಳಲಿಲ್ಲ. ಪರೀಕ್ಷೆ ಫೀಸು ಅವರೇ ಕೊಟ್ಟರು, ಗೋಡೆ ಮೇಲೆ ಇನ್ನೊಂದು ಗೀಟು ಬಿತ್ತು. ಮರುಪರೀಕ್ಷೆಯಲ್ಲಿ ಪಾಸಾದೆ, ಆದರೆ ಅಷ್ಟರಲ್ಲಿ ಕಾಲೇಜಿನಲ್ಲಿ ಸೀಟು ಮುಗಿದು ಒಂದು ವರ್ಷ ಮನೆಯಲ್ಲಿ ಕೂತೆ.

ಈಗಿನವರಿಗೆ ಆ ಒಂದು ವರ್ಷ ಹೋಗುವುದಿಲ್ಲ, ಇದನ್ನು ಅಪ್ಪ ಅಮ್ಮಂದಿರು ಸರಿಯಾಗಿ ಕೇಳಿಸಿಕೊಳ್ಳಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ. ಪರೀಕ್ಷೆ-1ರಲ್ಲಿ ಹೋದರೆ ಪರೀಕ್ಷೆ-2 ಇದೆ. ಪಾಸಾದವನೂ ಅಂಕ ಸಾಲದು ಅಂತ ಮತ್ತೆ ಬರೆಯಬಹುದು, ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದು ಉಳಿಯುತ್ತದೆ. ಪರೀಕ್ಷೆ-2ರಲ್ಲಿ ಪಾಸಾದವರು ಅದೇ ವರ್ಷ ಪಿಯುಸಿಗೆ ಸೇರಬಹುದು. ಆದರೆ ಪರೀಕ್ಷೆ-2 ಬರೆಯುವ ಹೊತ್ತಿಗೆ ಫ್ಲೆಕ್ಸ್ ಕಟ್ಟಿ ಮುಗಿದಿರುತ್ತದೆ, ಸನ್ಮಾನ ಮುಗಿದಿರುತ್ತದೆ. ಆ ಮಕ್ಕಳು ಯಾವಾಗ ಬರೆದರು, ಯಾವಾಗ ಪಾಸಾದರು ಅಂತ ಊರಿಗೆ ಗೊತ್ತೇ ಆಗುವುದಿಲ್ಲ.

ದುಡ್ಡಿನ ಮಾತು ಬಂತಲ್ಲ, ಬ್ಯಾಂಕಿನವನಾಗಿ ಇನ್ನೊಂದು ಹೇಳಿಬಿಡುತ್ತೇನೆ. ಎಂಟನೇ ತರಗತಿಯವರು ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಿರಿ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷದ ಒಳಗಿರಬೇಕು. ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ನಮ್ಮ ದತ್ತಿಯ ಪೆನ್ನು, ಡಬ್ಬಿ ಇದರ ಮುಂದೆ ಯಾವ ಲೆಕ್ಕ? ಆಯ್ಕೆಯಾದ ಮೇಲೂ ದುಡ್ಡು ಕಳಕೊಂಡ ಮಕ್ಕಳನ್ನು ನಾನು ಕೌಂಟರಿನಲ್ಲಿ ನೋಡಿದ್ದೇನೆ. ಖಾತೆಗೆ ಆಧಾರ್ ಜೋಡಿಸಿರುವುದಿಲ್ಲ, ಇಲ್ಲವೇ ವರ್ಷ ವರ್ಷ ಪೋರ್ಟಲ್‌ನಲ್ಲಿ ನವೀಕರಣ ಮಾಡಿರುವುದಿಲ್ಲ. ಇದನ್ನು ನೋಡಿಕೊಳ್ಳೋಕೆ ಹಳೆ ವಿದ್ಯಾರ್ಥಿಗಳಲ್ಲಿ ಇಬ್ಬರು ಕೂತರೆ ಸಾಕು. ಕಮಾನು ಕಟ್ಟಿಸುವುದಕ್ಕಿಂತ ಉಪಯೋಗ.

ಕಮಾನು ಅಂದೆ, ಕೆಲವರ ಮುಖ ಸಪ್ಪಗಾಯಿತು. ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಸಂಘದವರು ಸೇರಿಸಿದ ದುಡ್ಡು ದೊಡ್ಡದು, ಮನಸ್ಸೂ ದೊಡ್ಡದು. ಆದರೆ ಗೇಟಿನ ಮೇಲೆ ಹೆಸರು ಕೆತ್ತಿದ ಕಮಾನು ಎದ್ದಿದೆ, ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಚಿಲಕದ ಮೇಲೆ ಹೆಸರು ಬರೆಸೋಕೆ ಆಗುವುದಿಲ್ಲ, ಅದೇ ಕಷ್ಟ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರು ಗೊತ್ತಲ್ಲ. ವಿದೇಶಿಯೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಕೊಡೋಕೆ ಆಗದೆ ಬೇಸರಪಟ್ಟು, ಬುಟ್ಟಿಯಲ್ಲಿ ಹಣ್ಣು ಮಾರಿ ಉಳಿಸಿದ ದುಡ್ಡಿನಿಂದ ತಮ್ಮೂರು ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿಸಿದರು. ಕಚೇರಿಯಿಂದ ಕಚೇರಿಗೆ ಅಲೆದು ಅದನ್ನು ಹೈಸ್ಕೂಲಿನ ತನಕ ತಂದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರು ರೇಷನ್ ಅಂಗಡಿ ಸಾಲಿನಲ್ಲಿದ್ದರಂತೆ. ನಮ್ಮಲ್ಲಿ ಯಾರಿಗೂ ಅಷ್ಟು ದೂರ ಹೋಗುವ ಅಗತ್ಯ ಇಲ್ಲ. ಶಾಲೆ ಇದೆ. ಚಿಲಕ ಹಾಕಿಸಿದರೆ ಸಾಕು.

ಆಟದ ವಿಷಯ ಬಿಟ್ಟರೆ ಪಿಟಿ ಮೇಷ್ಟ್ರು ನನ್ನನ್ನು ಬಿಡುವುದಿಲ್ಲ. ಈ ಸಲ ಖೋ ಖೋ ತಂಡ ತಾಲೂಕು ಗೆದ್ದು ಜಿಲ್ಲೆಗೆ ಹೋಗಿದೆ. ಖೋ ಖೋ ಸರ್ಕಾರಿ ಶಾಲೆಗಳ ಆಟ ಅಂತ ನಾನು ಯಾವಾಗಲೂ ಹೇಳುತ್ತೇನೆ. ಎರಡು ಕಂಬ, ಒಂದಿಷ್ಟು ಸುಣ್ಣದ ಪುಡಿ, ಅಷ್ಟೇ ಖರ್ಚು. ಬ್ಯಾಟು ಬೇಡ, ಶೂ ಇಲ್ಲದಿದ್ದರೂ ನಡೆಯುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಚೈತ್ರಾ ಮೈಸೂರು ಜಿಲ್ಲೆ ತಿ. ನರಸೀಪುರ ತಾಲೂಕಿನ ಕುರುಬೂರಿನವರು, ಊರಿನ ಶಾಲೆಯ ಮೈದಾನದಲ್ಲಿ ಓಡಿ ಕಲಿತವರು. ನಮ್ಮ ಮೈದಾನದ ಅರ್ಧಕ್ಕೆ ಇವತ್ತು ಕಾರು ನಿಲ್ಲಿಸಿದ್ದೀರಿ. ಹೋಗುವಾಗ ಟೈರಿನ ಗುಂಡಿ ಮುಚ್ಚಿ ಹೋಗಿ, ನಾಳೆ ಬೆಳಿಗ್ಗೆ ಆರೂವರೆಗೆ ಅಲ್ಲಿ ಪ್ರಾಕ್ಟೀಸ್ ಇದೆ.

ಪ್ರತಿಭಾ ಕಾರಂಜಿ ಬಗ್ಗೆ ಒಂದೇ ಮಾತು. ಕ್ಲಸ್ಟರ್ ಮಟ್ಟದಲ್ಲಿ ಎರಡನೇ ಬಹುಮಾನ ಬಂದವರನ್ನು ಯಾರೂ ಮುಂದೆ ಕಳಿಸುವುದಿಲ್ಲ, ಆದ್ದರಿಂದ ಅವರ ಹಾಡನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ಸಂಜೆ ಕಾರ್ಯಕ್ರಮದಲ್ಲಿ ಅವರಿಗೂ ಒಂದು ಹಾಡು ಕೊಡಿ. ಹದಿನೈದು ನಿಮಿಷ ತಡವಾದರೆ ಏನೂ ಆಗುವುದಿಲ್ಲ. ನನ್ನ ಭಾಷಣ ಕಡಿಮೆ ಮಾಡಿ ಬೇಕಾದರೆ.

ಈಗ ಕೊನೆಯ ವಿಷಯ. ನಾನು ಒಂದು ದತ್ತಿ ಇಡಬೇಕು ಅಂತಿದ್ದೇನೆ. ಬಡ್ಡಿ ಕರಗುವುದು ನನಗೆ ಗೊತ್ತು, ಅದಕ್ಕೇ ಮೊತ್ತ ಸ್ವಲ್ಪ ಗಟ್ಟಿಯಾಗೇ ಇಡುತ್ತೇನೆ, 50,000. ಆ ಅಮ್ಮನ 501ನ್ನೂ ಇದರ ಜೊತೆ ಸೇರಿಸಿ ಅವರ ಹೆಸರಿನಲ್ಲೇ ನಡೆಸಿ ಅಂತ ಕೇಳಿಕೊಳ್ಳುತ್ತೇನೆ. ನನ್ನ ಹೆಸರು ಬೇಡ. ಷರತ್ತು ಹೀಗೆ ಬರೆದಿದ್ದೇನೆ, ಓದುತ್ತೇನೆ: "ಪರೀಕ್ಷೆ-1ರಲ್ಲಿ ಫೇಲಾಗಿ, ಅದೇ ವರ್ಷದ ಮುಂದಿನ ಪರೀಕ್ಷೆಯಲ್ಲಿ ಪಾಸಾದ ವಿದ್ಯಾರ್ಥಿಗೆ. ಒಬ್ಬರಿಗಿಂತ ಹೆಚ್ಚು ಜನ ಇದ್ದರೆ ಎಲ್ಲರಿಗೂ ಸಮನಾಗಿ. ಬಹುಮಾನವನ್ನು ವೇದಿಕೆ ಮೇಲೆ, ಹೆಸರು ಕರೆದು, ಮೊದಲನೆಯದಾಗಿ ಕೊಡತಕ್ಕದ್ದು."

ಹೆಸರು ಕರೆದರೆ ಮಕ್ಕಳಿಗೆ ಅವಮಾನ ಆಗುವುದಿಲ್ಲವಾ ಅಂತ ಟೀಚರ್ ಒಬ್ಬರು ಮೊನ್ನೆ ಕೇಳಿದರು. ಆಗಬಹುದು. ಮೊದಲ ಎರಡು ಮೂರು ವರ್ಷ ಯಾರೂ ಬರದೇ ಇರಬಹುದು, ರಿಜಿಸ್ಟರಿನಲ್ಲಿ "ಗೈರು" ಅಂತ ಬರೆಯಬೇಕಾಗಬಹುದು. ಬರೆಯಿರಿ. ಬಡ್ಡಿ ಒಟ್ಟಾಗುತ್ತಾ ಹೋಗಲಿ, ಗಡಿಯಾರ ತರೋಕೆ ಆಗುತ್ತದೆ.

ಇಷ್ಟು ಹೇಳಿ ಚೆಕ್ಕನ್ನು ಹೆಡ್‌ಮೇಷ್ಟ್ರ ಕೈಗೆ ಕೊಟ್ಟೆ. ಚಪ್ಪಾಳೆ ಬಿತ್ತು. ಅವರು ಚೆಕ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೈಕ್ ಆನ್ ಇದೆ ಅನ್ನುವುದನ್ನು ಮರೆತು, "ಸಾರ್, ಪಾನ್ ಕಾರ್ಡ್ ಜೆರಾಕ್ಸ್ ತಂದಿದ್ದೀರಾ?" ಅಂದರು. ತಂದಿದ್ದೆ, ಎರಡು ಪ್ರತಿ, ಸಹಿ ಹಾಕಿ.